ಚಿಕ್ಕಪ್ಪನ ಪಾಲಿನ ಹತ್ತು ಮಣಿ

ನಾನು ಹುಟ್ಟಿ ಬೆಳೆದ ಮನೆಯ ನಡುಮನೆಗೆ ಕಿಟಕಿ ಇರಲಿಲ್ಲ. ಮಾಡಿನಲ್ಲಿ ಕೂರಿಸಿದ್ದ ಒಂದೇ ಒಂದು ಗಾಜಿನ ಹೆಂಚಿನಿಂದ ಬಿಸಿಲು ಇಳಿದು, ಬೆಳಿಗ್ಗೆ ರಾಗಿ ಕಣಜದ ಮೇಲೂ ಸಂಜೆ ದೇವರ ಪಟದ ಮೇಲೂ ಬೀಳುತ್ತಿತ್ತು. ಪಟ ಎಂದರೆ ಯೇಸುವಿನ ಪವಿತ್ರ ಹೃದಯದ ಪಟ. ಹೊಗೆ ಹಿಡಿದು ಸ್ವಾಮಿಯ ಮುಖ ನಮ್ಮೂರಿನವರ ಮುಖದಷ್ಟೇ ಕಪ್ಪಾಗಿತ್ತು. ಅದರ ಕೆಳಗೆ ಗೋಡೆಯಲ್ಲೇ ಬಿಟ್ಟ ಗೂಡು, ಗೂಡಿನಲ್ಲಿ ಮಾತೆ ಮರಿಯಮ್ಮನವರ ಗೇಣುದ್ದದ ಪ್ರತಿಮೆ, ಹರಳೆಣ್ಣೆಯ ದೀಪ, ಗುಡಿಯಿಂದ ತಂದ ತೀರ್ಥದ ಸೀಸೆ. ನಮ್ಮ ಕಡೆ ಚರ್ಚು ಎನ್ನುತ್ತಿದ್ದವರು ಕಡಿಮೆ, ಎಲ್ಲರಿಗೂ ಅದು ಗುಡಿಯೇ. ಊರು ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಕ್ಕೆ. ಊರಿನಲ್ಲಿ ಕ್ರೈಸ್ತರ ಮನೆಗಳು ಒಂದು ಬೀದಿ, ಗೌಡರ ಮನೆಗಳು ಎರಡು ಬೀದಿ, ನಡುವೆ ಒಂದೇ ಸೇದುವ ಬಾವಿ.

ಮಕ್ಕಳೇ, ಮೊನ್ನೆ ಜಪ ಮಾಡುವಾಗ ನಿಮ್ಮಲ್ಲೊಬ್ಬರು ಕೇಳಿದಿರಿ, ಅಜ್ಜಿ ಜಪಸರದ ನಾಲ್ಕು ಹತ್ತು ಮುಗಿಸಿ ಐದನೆಯದಕ್ಕೆ ಮೊದಲು ಯಾಕೆ ಸುಮ್ಮನಾಗಿಬಿಡುತ್ತಾರೆ, ಮರೆತುಹೋಗುತ್ತದೆಯೇ, ಉಸಿರು ಸಾಲದೇ ಎಂದು. ನಾಲ್ಕು ಜನರ ಮುಂದೆ ಮಾತಾಡಲು ನನಗೆ ಈಗಲೂ ಬರುವುದಿಲ್ಲ. ಊರ ಶಾಲೆಯಲ್ಲಿ ಕಲಿತ ಅಕ್ಷರ ಕೈಯಲ್ಲಿದೆ, ಅದರಲ್ಲೇ ಬರೆದು ಇಡುತ್ತೇನೆ.

ದೀಪ ಹಚ್ಚುವ ಹೊತ್ತಿಗೆ ಗುಡಿಯ ಗಂಟೆ ಹೊಡೆದರೆ ಮನೆಯವರೆಲ್ಲ ನಡುಮನೆಗೆ ಬರಬೇಕು. ಜಪಸರದಲ್ಲಿ ಹತ್ತು ಮಣಿಯ ಐದು ಕಟ್ಟು. ಒಬ್ಬರು ನಮೋ ಮರಿಯ ಎಂದು ಮೊದಲರ್ಧ ಹೇಳಿದರೆ ಉಳಿದವರು ಉಳಿದರ್ಧ ಹೇಳಿ ಮುಗಿಸುತ್ತಾರೆ. ಯಾವ ಹತ್ತು ಯಾರದೆಂಬುದು ನಮ್ಮ ಮನೆಯಲ್ಲಿ ಹೊಲದ ಬದುವಿನಷ್ಟೇ ಗಟ್ಟಿ. ಮೊದಲನೆಯದು ನನ್ನ ಅಜ್ಜಿಯದು, ಅಪ್ಪನ ತಾಯಿಯದು. ಕಣಜಕ್ಕೆ ಒರಗಿ, ಕಾಲು ಚಾಚಿ, ಬೆಳಗಿನಿಂದ ಕೂಡಿಟ್ಟ ದನಿಯನ್ನೆಲ್ಲ ಅದಕ್ಕೇ ಸುರಿಯುತ್ತಿದ್ದಳು. ಎರಡನೆಯದು ಅಪ್ಪನದು. ಅಪ್ಪ ರಾಯಪ್ಪ ಮಂಡಿ ಊರಿದರೆ ಐದು ಹತ್ತೂ ಮುಗಿಯುವವರೆಗೆ ಅಲುಗುತ್ತಿರಲಿಲ್ಲ. ಮೂರನೆಯದು ಅವ್ವನದು. ಅವಳು ಅಡುಗೆಮನೆಯ ಬಾಗಿಲಲ್ಲೇ ಕೂತು, ಸಾರು ಉಕ್ಕಿದರೆ ಜಪದ ನಡುವೆಯೇ ಎದ್ದು ಸೌದೆ ಹಿಂದಕ್ಕೆಳೆದು ಬರುತ್ತಿದ್ದಳು, ಬಾಯಲ್ಲಿನ ಮಂತ್ರ ಮಾತ್ರ ನಿಲ್ಲುತ್ತಿರಲಿಲ್ಲ. ನಾಲ್ಕನೆಯದು ಅಣ್ಣನಿಗೆ, ಅವನು ಮೊದಲ ಸತ್ಪ್ರಸಾದ ತೆಗೆದುಕೊಂಡ ವರ್ಷ ಸಿಕ್ಕಿದ್ದು. ಐದನೆಯದು ಹೊಸ್ತಿಲ ಪಕ್ಕದ ಕಂಬಕ್ಕೆ ಒರಗಿ ಕೂರುತ್ತಿದ್ದ ಚಿಕ್ಕಪ್ಪ ಇನ್ನಾಸಪ್ಪನದು. ನಾನು ಅಜ್ಜಿಯ ಬೆನ್ನ ಹಿಂದೆ, ಅವಳ ಸೆರಗಿನ ನೆರಳಲ್ಲಿ. ಶಾಲೆಯಲ್ಲಿ ಮೇಷ್ಟ್ರು ಹೆಸರು ಕೇಳಿದರೆ ಲೂರ್ದಿ ಎನ್ನಲೂ ಆಗದೆ ನೆಲ ನೋಡುತ್ತಿದ್ದ ಹುಡುಗಿ ನಾನು. ಎಲ್ಲರ ದನಿಯಲ್ಲಿ ನನ್ನದನ್ನು ಸೇರಿಸಿಬಿಡಬಹುದು ಎಂಬ ಕಾರಣಕ್ಕೇ ನನಗೆ ಜಪ ಇಷ್ಟ.

ಚಿಕ್ಕಪ್ಪ ಅಪ್ಪನ ಹಾಗಲ್ಲ. ಬೆಳಿಗ್ಗೆ ಅಪ್ಪನ ಜೊತೆ ಹೊಲ ಉಳುವವನು, ಮದುವೆಯ ಕಾಲ ಬಂದರೆ ಹೊಳೆನರಸೀಪುರದ ಒಂದು ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವವನು. ಅರಕಲಗೂಡು, ಚನ್ನರಾಯಪಟ್ಟಣ, ನುಗ್ಗೇಹಳ್ಳಿ ಕಡೆಯ ಗೌಡರ ಮದುವೆಗಳಿಗೆ ಅವನೇ ಬೇಕು. ಯೇಸು ಸಾವಿನಿಂದ ಎದ್ದ ಪಾಸ್ಕ ಹಬ್ಬದ ಬೆಳಿಗ್ಗೆ ಗುಡಿಯ ಬಾಗಿಲಲ್ಲಿ ನಿಂತು ಅವನು ಊದಿದರೆ ಗೌಡರ ಬೀದಿಯವರೂ ಎದ್ದು ಬಂದು ಬಾವಿಕಟ್ಟೆಯ ಮೇಲೆ ಕೂರುತ್ತಿದ್ದರು. ಅಪ್ಪನಿಗೆ ತಮ್ಮ ಊದುವುದು ಹೆಮ್ಮೆಯೇ, ಆದರೆ ಹೊರಗೆ ತೋರಿಸುತ್ತಿರಲಿಲ್ಲ.

ನಮ್ಮ ಮನೆಯ ವರ್ಷ ಅಜ್ಜಿಯ ಅಡುಗೆಯಿಂದ ನಡೆಯುತ್ತಿತ್ತು. ಅವರೆಕಾಯಿ ಸೊಗಡು ಬಿಡುವ ಹೊತ್ತಿಗೆ ಕ್ರಿಸ್ತ ಜಯಂತಿಗೆ ಕಾಯುವ ಆಗಮನ ಕಾಲ. ಆಗ ಅಜ್ಜಿ ತಟ್ಟೆಗಳಲ್ಲಿ ಮಣ್ಣು ಹರಡಿ ರಾಗಿ ಚೆಲ್ಲುತ್ತಿದ್ದಳು, ಕ್ರಿಸ್ತ ಜಯಂತಿಗೆ ಅದು ಬೆರಳುದ್ದ ಹಸುರಾಗಿ ಗೋದಲಿಯಲ್ಲಿ ಬಾಲಯೇಸುವಿನ ಸುತ್ತ ಹೊಲವಾಗುತ್ತಿತ್ತು. ಹಬ್ಬಕ್ಕೆ ಹಿತಕಿದವರೆ, ಕೋಳಿ ಸಾರು, ಕಜ್ಜಾಯ. ಮೊದಲ ಕಜ್ಜಾಯ ಗೌಡರ ಬೀದಿಗೆ, ಸುಟ್ಟದ್ದು ನಮಗೆ. ಹಬ್ಬ ಮುಗಿದು ಹನ್ನೆರಡು ದಿನಕ್ಕೆ ಮೂರು ರಾಯರ ಹಬ್ಬ, ಆಮೇಲೆ ಪಾಸ್ಕಕ್ಕೆ ಮುಂಚಿನ ನಲವತ್ತು ದಿನ ತಪಸ್ಸಿನ ಕಾಲ. ವಿಭೂತಿ ಬುಧವಾರ ಹಣೆಗೆ ಬೂದಿ ಬಿದ್ದರೆ ಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತೆಂದೇ ಲೆಕ್ಕ. ಮುದ್ದೆ, ಹುರುಳಿ ಸಾರು, ಮೊಸ್ಸೊಪ್ಪು. ಶುಕ್ರವಾರ ಸಂಜೆ ಗುಡಿಯಲ್ಲಿ ಶಿಲುಬೆ ಹಾದಿ. ಪಾಸ್ಕಕ್ಕೆ ಎರಡು ದಿನ ಮುಂಚೆ, ಯೇಸು ಶಿಲುಬೆಯ ಮೇಲೆ ಸತ್ತ ಪವಿತ್ರ ಶುಕ್ರವಾರ, ಒಂದೇ ಹೊತ್ತು ಉಪ್ಪಿಲ್ಲದ ಅಂಬಲಿ, ಅದೂ ಮೂರು ಗಂಟೆಯ ಪ್ರಾರ್ಥನೆ ಮುಗಿದ ಮೇಲೆ. ಆ ದಿನ ಗಂಟೆಯನ್ನೂ ಮುಟ್ಟುವಂತಿಲ್ಲ. ಮರದ ಹಲಗೆಗೆ ಕೊಡತಿ ಬಡಿದು ಬೀದಿಯ ತುಂಬ ಕರೆಯುತ್ತಿದ್ದರು. ಆ ಟಕಟಕ ಸದ್ದಿಗೆ ನಮ್ಮ ಎತ್ತುಗಳೂ ಮೇವು ನಿಲ್ಲಿಸಿ ಕಿವಿ ನಿಮಿರಿಸುತ್ತಿದ್ದವು.

ಇದರಲ್ಲಿ ಕ್ರಿಸ್ತ ಜಯಂತಿ ಎಂದೂ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಪಾಸ್ಕ ಮಾತ್ರ ಒಂದು ಕಡೆ ನಿಲ್ಲದ ಹಬ್ಬ. ಅದು ಚಂದ್ರನ ಹಿಂದೆ ಓಡುತ್ತದೆ ಎನ್ನುತ್ತಿದ್ದಳು ಅಜ್ಜಿ. ಕೆಲವು ವರ್ಷ ಕಾಮನ ಹುಣ್ಣಿಮೆಯ ಬೆನ್ನಿಗೆ, ಯುಗಾದಿಗೆ ಮೊದಲೇ ಬರುತ್ತದೆ. ಕೆಲವು ವರ್ಷ ಯುಗಾದಿ ಕಳೆದು ಮುಂದಿನ ಹುಣ್ಣಿಮೆಯ ಬೆನ್ನಿಗೆ. ಯಾವ ಹುಣ್ಣಿಮೆ ಎಂದು ಮೂರು ರಾಯರ ಹಬ್ಬದ ದಿನ ಪಾದ್ರಿ ಸ್ವಾಮಿಗಳು ಗುಡಿಯಲ್ಲಿ ಸಾರುತ್ತಿದ್ದರು. ನಾನು ಹೇಳುತ್ತಿರುವ ವರ್ಷ ಚಿಕ್ಕಪ್ಪ ಅವತ್ತು ಊರಲ್ಲಿರಲಿಲ್ಲ, ಅರಕಲಗೂಡಿನ ಕಡೆ ಯಾವುದೋ ಉತ್ಸವಕ್ಕೆ ಊದಲು ಹೋಗಿದ್ದ. ಹಿಂದಿನ ಎರಡು ವರ್ಷವೂ ಪಾಸ್ಕ ಯುಗಾದಿ ಕಳೆದ ಮೇಲೆ ಬಂದಿತ್ತು. ಈ ವರ್ಷವೂ ಹಾಗೆಯೇ ಎಂದುಕೊಂಡು, ನುಗ್ಗೇಹಳ್ಳಿ ಕಡೆಯ ತಿಮ್ಮೇಗೌಡ ಎಂಬವರ ಮಗಳ ಮದುವೆಗೆ, ಕಾಮನ ಹುಣ್ಣಿಮೆ ಕಳೆದ ಶುಕ್ರವಾರಕ್ಕೆ, ವೀಳ್ಯ ಹಿಡಿದುಬಿಟ್ಟ. ವೀಳ್ಯ ಹಿಡಿದ ಮೇಲೆ ಮಾತು ಮುಗಿಯಿತು. ಆ ವರ್ಷ ವಿಭೂತಿ ಬುಧವಾರ ಬೇಗ ಬಂದಾಗಲೇ ಅವನಿಗೆ ತಾನು ಒಪ್ಪಿಕೊಂಡ ಶುಕ್ರವಾರ ಯಾವುದೆಂದು ಹೊಳೆದದ್ದು. ಮನೆಯಲ್ಲಿ ಬಾಯಿಬಿಡದೆ, ತನ್ನ ಬದಲು ಊದುವವನೊಬ್ಬನನ್ನು ಹುಡುಕಿಕೊಂಡು ತಪಸ್ಸಿನ ಕಾಲವೆಲ್ಲ ತಿರುಗಿದ.

ಪಾಸ್ಕಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಅವನು ಎಂದಿನಂತೆ ಈಚಲ ಗರಿ ಹೆಣೆದು ಶಿಲುಬೆ ಮಾಡಿದ. ಗುಡಿಯಿಂದ ಬಂದ ಮೇಲೆ ಅಜ್ಜಿ ಅದನ್ನು ಪಟದ ಹಿಂದೆ ಸಿಕ್ಕಿಸಿದಳು. ಸಿಡಿಲು ಬಂದಾಗ ಅದರ ತುದಿ ಮುರಿದು ಕೆಂಡಕ್ಕೆ ಹಾಕುವುದು ನಮ್ಮ ಮನೆಯ ಪದ್ಧತಿ. ಆ ಗುರುವಾರ ಸಂಜೆ ಜಪ ಮುಗಿದು, ನಾವಿನ್ನೂ ಮಂಡಿಯ ಮೇಲಿರುವಾಗಲೇ ಚಿಕ್ಕಪ್ಪ ಹೇಳಿದ, ನಾಳೆ ಮದುವೆಗೆ ಹೋಗಬೇಕು ಎಂದು. ಅಪ್ಪ ಮೊದಲು ನಂಬಲಿಲ್ಲ.

"ನಾಳೆ ಯಾವ ಶುಕ್ರವಾರ ಅಂತ ಗೊತ್ತೇನ್ಲಾ ನಿಂಗೆ?"

"ಗೊತ್ತು ಅಣ್ಣಯ್ಯ. ವೀಳ್ಯ ಈಸ್ಕೊಂಡಾಗ ಗೊತ್ತಿರ್ನಿಲ್ಲ. ಯುಗಾದಿ ಕಳೆದ್ಮೇಲೆ ಬತ್ತದೆ ಅಂದ್ಕಂಡಿದ್ದೆ."

"ಬರಾಕಾಗಲ್ಲ ಅಂತ ಏಳಿ ಕಳ್ಸು."

"ಎಣ್ಣಿನ ಮನೆ ಅಣ್ಣಯ್ಯ. ಚಪ್ರ ಆಕವ್ರೆ. ವಾಲಗ ಇಲ್ದೆ ಧಾರೆ ಎರೀತಾರಾ? ಆಸನ, ಅರಕಲಗೂಡು ಎಲ್ಲಾ ಸುತ್ತಿ ಬಂದೆ, ಊದೋನು ಒಬ್ಬನೂ ಸಿಗ್ನಿಲ್ಲ."

ಅಪ್ಪ ಜಪಸರವನ್ನು ಮಡಿಸಿ ಗೂಡಿನಲ್ಲಿಟ್ಟ. ಅವನು ಕೂಗುವವನಲ್ಲ, ಸಿಟ್ಟು ಬಂದರೆ ದನಿ ಇನ್ನೂ ತಗ್ಗುತ್ತಿತ್ತು.

"ಸ್ವಾಮಿ ಶಿಲುಬೆ ಮೇಲೆ ಉಳಿ ರಸ ಕುಡಿದ ದಿನ ನೀನು ಪಾಯಸ ಕುಡಿಯಕ್ಕೆ ಒಂಟಿದ್ದೀಯ. ಓಗು, ತಡಿಯಾಕಿಲ್ಲ. ಓದೋನು ಮತ್ತೆ ಈ ಮನೆ ಜಪಕ್ಕೆ ಕೂರಬ್ಯಾಡ."

ಚಿಕ್ಕಪ್ಪ ಬೆಳಿಗ್ಗೆ ಕೋಳಿ ಕೂಗುವ ಮೊದಲೇ ಎದ್ದು ಕ್ಲಾರಿನೆಟ್ಟಿನ ಪೆಟ್ಟಿಗೆ ತೆಗೆದುಕೊಂಡ. ಅಜ್ಜಿ ಅಂಗಳದವರೆಗೆ ಹೋಗಿ, ಹೆಬ್ಬೆರಳಿನಿಂದ ಅವನ ಹಣೆಗೆ ಶಿಲುಬೆಯ ಗುರುತು ಹಾಕಿ ಒಳಗೆ ಬಂದಳು. ಶನಿವಾರ ಅವನು ತುಟಿ ಒಡೆದುಕೊಂಡು ಬಂದ. ಅಪ್ಪ ಜಗಲಿಯಿಂದ ಏಳಲಿಲ್ಲ, ಬಾ ಎನ್ನಲೂ ಇಲ್ಲ. ಚಿಕ್ಕಪ್ಪ ಗೂಟದ ಮೇಲಿನ ತನ್ನ ಬಟ್ಟೆ ಗಂಟು ಕಟ್ಟಿಕೊಂಡು ಹೊಳೆನರಸೀಪುರಕ್ಕೆ, ಬ್ಯಾಂಡಿನವರು ಉಳಿಯುತ್ತಿದ್ದ ಕೋಣೆಗೆ ಹೋದ. ಆ ಪಾಸ್ಕದ ಬೆಳಿಗ್ಗೆ ಗಂಟೆ ಮತ್ತೆ ಹೊಡೆಯಿತು, ಕ್ಲಾರಿನೆಟ್ ಇರಲಿಲ್ಲ. ಬಾವಿಕಟ್ಟೆಯ ಮೇಲೆ ಕೂತಿದ್ದ ಗೌಡರ ಬೀದಿಯವರು ಸ್ವಲ್ಪ ಹೊತ್ತು ಕಾದು ಎದ್ದು ಹೋದರು.

ಆ ಭಾನುವಾರ ಸಂಜೆ ನಾಲ್ಕು ಹತ್ತು ಮುಗಿದವು. ಐದನೆಯದನ್ನು ಅಪ್ಪ ತಾನೇ ಹೇಳಲು ಬಾಯಿ ತೆರೆದ. ಅಜ್ಜಿ ಕೈ ಎತ್ತಿದಳು.

"ಅದು ಅವನ್ದು."

"ಅವನಿಲ್ವಲ್ಲವ್ವ."

"ಇಲ್ದಿದ್ರೆ ಬುಡು. ಅವನ್ದೇ."

ಅಜ್ಜಿ ಮಣಿ ಎಣಿಸತೊಡಗಿದಳು, ಬಾಯಿ ಬಿಡದೆ. ಒಂದೊಂದು ಮಣಿಗೂ ಒಂದು ಮಂತ್ರ ಹೇಳುವಷ್ಟು ಹೊತ್ತು ಕಾದು ಮುಂದಿನದಕ್ಕೆ ಹೋಗುತ್ತಿದ್ದಳು. ನಾವೆಲ್ಲ ಸುಮ್ಮನೆ ಕೂತಿದ್ದೆವು. ದೀಪದ ಬತ್ತಿ ಚಿಟಪಟ ಎನ್ನುವುದು ಕೇಳುತ್ತಿತ್ತು, ಕೊಟ್ಟಿಗೆಯಲ್ಲಿ ದನ ಉಸಿರು ಬಿಡುವುದು ಕೇಳುತ್ತಿತ್ತು. ಹತ್ತನೆಯ ಮಣಿ ಆದ ಮೇಲೆ ಅಜ್ಜಿ ದನಿ ಎತ್ತಿ, ಜಪ ಮುಗಿಸುವ ನಮೋ ರಾಣಿ ಶುರು ಮಾಡಿದಳು. ಅವತ್ತಿನಿಂದ ದಿನವೂ ಹೀಗೆಯೇ. ಜಪದ ಹೊತ್ತಿನಲ್ಲಿ ಬೀದಿ ಬಾಗಿಲ ಚಿಲಕ ಹಾಕಬಾರದೆಂದೂ ಹೇಳಿದಳು. ನಾಯಿ ಬರುತ್ತದೆ ಎಂದು ಅವ್ವ ಗೊಣಗಿದ್ದಕ್ಕೆ, ಬಂದರೆ ಅದೂ ಒಂದು ಹತ್ತು ಕೇಳಿಸಿಕೊಂಡು ಹೋಗಲಿ ಎಂದಳು. ಮಗನ ಮಾತನ್ನು ಅವಳು ಮೀರಲಿಲ್ಲ, ಅವನನ್ನು ಬಯ್ಯಲೂ ಇಲ್ಲ. ಮನೆಯ ಯಜಮಾನ ಅಪ್ಪನೇ. ಆದರೆ ಸಂಜೆ ಸಂಜೆಯೂ ಆ ಮೌನವನ್ನು ಅವನೆದುರು ತಂದಿಡುತ್ತಿದ್ದಳು. ಸೋಮವಾರ, ಗುರುವಾರ ಜಪದಲ್ಲಿ ಧ್ಯಾನಿಸುವುದು ಸಂತೋಷದ ರಹಸ್ಯಗಳನ್ನು. ಅದರಲ್ಲಿ ಐದನೆಯದು, ಹಬ್ಬಕ್ಕೆ ಹೋದಾಗ ತಪ್ಪಿಸಿಕೊಂಡ ಮಗ ಯೇಸು ತಾಯಿಗೆ ದೇವಾಲಯದಲ್ಲಿ ಸಿಕ್ಕಿದ್ದು. ಆ ದಿನಗಳಲ್ಲಿ ಅಜ್ಜಿಯ ಮಣಿ ಇನ್ನೂ ನಿಧಾನವಾಗಿ ಉರುಳುತ್ತಿದ್ದವು.

ಮೇ ತಿಂಗಳು ಮಾತೆಯ ತಿಂಗಳು. ದಿನವೂ ಗೂಡಿಗೆ ಮಲ್ಲಿಗೆ, ಮೊದಲ ಮಳೆಗೆ ಆಲೂಗೆಡ್ಡೆ ಬಿತ್ತನೆ, ಮೈಯೆಲ್ಲ ಹಸಿಮಣ್ಣಿನ ವಾಸನೆ. ಆ ತಿಂಗಳೇ ನನ್ನ ಮೊದಲ ಸತ್ಪ್ರಸಾದ. ಬಿಳಿ ಲಂಗ, ತಲೆಗೆ ಅವ್ವ ಕಟ್ಟಿದ ಕಾಕಡದ ದಂಡೆ. ಜ್ಞಾನೋಪದೇಶ ಒಪ್ಪಿಸುವಾಗ ನನ್ನ ದನಿ ಏಳಲಿಲ್ಲ. ಸಂತ ಎಂಬುದಕ್ಕೆ ಹೇಳುವ ಅರ್ಚಶಿಷ್ಟ ಎಂಬ ಹಳೆಯ ಮಾತು ನಾಲಿಗೆಯಲ್ಲೇ ತೊಡರಿತು. ಮುದಿ ಸ್ವಾಮಿಗಳು ಬಗ್ಗಿ ತಮ್ಮ ಕಿವಿಯನ್ನೇ ನನ್ನ ಬಾಯಿಯ ಹತ್ತಿರ ತಂದು, ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡು, ಸರಿಯಾಗಿದೆ ಎಂದರು. ಪದ್ಧತಿಯ ಪ್ರಕಾರ ಆವತ್ತು ಸಂಜೆ ನನಗೂ ಒಂದು ಹತ್ತು ಸಿಗಬೇಕು. ಖಾಲಿ ಇದ್ದದ್ದು ಅದೊಂದೇ. ಲೂರ್ದಿಗೆ ಕೊಡೋಣ ಎಂದು ಅಪ್ಪ ಕೇಳಿದ, ಅಜ್ಜಿ ಆಗದು ಎಂದಳು. ನನಗೆ ಬೇಸರವಾಗಲಿಲ್ಲ. ಆ ಮೌನದಲ್ಲಿ ಯಾರ ಹಂಗೂ ಇಲ್ಲದೆ ನಾನೂ ನನ್ನ ಬೆರಳಲ್ಲಿ ಎಣಿಸುತ್ತಿದ್ದೆ. ದನಿ ಇಲ್ಲದವರಿಗೂ ಜಪ ಮಾಡಲು ಒಂದು ಜಾಗವಿದೆ ಎಂದು ನಾನು ಕಲಿತದ್ದು ಅಲ್ಲಿ. ನಿಮ್ಮ ತಾತ ಹೋದ ಮೇಲಿನ ದಿನಗಳಲ್ಲಿ ನನ್ನನ್ನು ಕಾಪಾಡಿದ್ದು ಅದೇ.

ಅದೇ ತಿಂಗಳು ಅಪ್ಪ ಸ್ವಾಮಿಗಳ ಹತ್ತಿರ ಹೋಗಿ ತಮ್ಮನ ವಿಷಯ ಎತ್ತಿದನಂತೆ. ತಾನು ಮಾಡಿದ್ದು ಸರಿ ಎಂದು ಅವರ ಬಾಯಲ್ಲಿ ಕೇಳುವ ಆಸೆ ಇದ್ದಿರಬೇಕು. ಮನೆಯ ಜಪ ನಿನ್ನದು ರಾಯಪ್ಪ, ಗುಡಿಯ ಪೂಜೆ ನನ್ನದು, ಗುಡಿಗೆ ಬಂದರೆ ನಾನು ಅವನನ್ನು ತಡೆಯುವುದಿಲ್ಲ ಎಂದಷ್ಟೇ ಹೇಳಿ ಅವರು ಬೀಡಿ ಹಚ್ಚಿದರಂತೆ.

ಅಕ್ಟೋಬರ್ ಜಪಸರದ ತಿಂಗಳು, ಬೀದಿಯ ಒಂದೊಂದು ಮನೆಯಲ್ಲಿ ಒಂದೊಂದು ಸಂಜೆ ಜಪ. ನಮ್ಮ ಮನೆಯ ಸರದಿ ಬಂದಾಗ ಬೀದಿಗೆ ಬೀದಿಯೇ ಐದನೆಯ ಹತ್ತಿನಲ್ಲಿ ಅಜ್ಜಿಯ ಜೊತೆ ಸುಮ್ಮನೆ ಕೂತಿತು, ಒಬ್ಬರೂ ಯಾಕೆಂದು ಕೇಳಲಿಲ್ಲ. ಅಪ್ಪ ತಲೆ ತಗ್ಗಿಸಿಕೊಂಡೇ ಇದ್ದ. ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ತಾತನ ಸಮಾಧಿಗೆ ಸುಣ್ಣ ಬಳಿದು ಚೆಂಡುಹೂ ಇಡಲು ಹೋದರೆ, ಯಾರೋ ಆಗಲೇ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚಿ ಹೋಗಿದ್ದರು. ಬತ್ತಿ ಇನ್ನೂ ಉರಿಯುತ್ತಿತ್ತು. ಅಪ್ಪ ಸುತ್ತ ನೋಡಿದ. ಆಮೇಲೆ ನಾವು ತಂದಿದ್ದ ಹೂವನ್ನು ಆ ಹೂವಿನ ಪಕ್ಕದಲ್ಲೇ ಇಟ್ಟ.

ಕ್ರಿಸ್ತ ಜಯಂತಿ, ಮೂರು ರಾಯರ ಹಬ್ಬ ಕಳೆದು, ಗೋದಲಿಯ ರಾಗಿ ಪೈರು ಹಳದಿ ತಿರುಗಿದ್ದ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಗಾಡಿಯೊಂದು ನಮ್ಮ ಮನೆ ಮುಂದೆ ನಿಂತಿತು. ರುಮಾಲು ಸುತ್ತಿದ ದಪ್ಪ ಮೀಸೆಯ ಗೌಡರೊಬ್ಬರು ಇಳಿದು, ಸಿಪ್ಪೆ ಸಮೇತದ ತೆಂಗಿನಕಾಯಿಯ ಚೀಲವನ್ನು ಜಗಲಿಗೆ ಇಳಿಸಿ, ಇನ್ನಾಸಪ್ಪನ ಮನೆ ಇದೇ ತಾನೇ ಎಂದರು. ಅವರೇ ತಿಮ್ಮೇಗೌಡರು. ತಮ್ಮ ಇಲ್ಲಿಲ್ಲ ಎಂದ ಅಪ್ಪ. ಅಜ್ಜಿ ಮಜ್ಜಿಗೆ ಕೊಟ್ಟು ಕೂರಿಸಿದಳು.

"ಇಲ್ದಿದ್ರೆ ನಿಮ್ಮತ್ರನೇ ಏಳ್ತೀನಿ. ಓದೊರ್ಸ ನಮ್ ದೊಡ್ಡ ಮಗಳ ಮದ್ವೆಗೆ ಊದ್ನಲ್ಲ ನಿಮ್ ತಮ್ಮ, ಉಣ್ದಂಗೆ ಒಂಟೋದ ಕಣ್ರೀ. ಎಲೆ ಆಕ್ಸಿ ನಾನೇ ಕರದೆ, ಬರ್ನಿಲ್ಲ. ಬೆಳಗಿಂದ ಊದೀ ಊದೀ ತುಟಿ ಒಡ್ದಿತ್ತು, ಒಂದ್ ಲೋಟ ನೀರೂ ಮುಟ್ನಿಲ್ಲ. ಮದ್ಯಾನದ ಮ್ಯಾಲೆ ನೋಡುದ್ರೆ ಉಲ್ಲು ಮೆದೆ ಇಂದೆ ಮಂಡಿ ಊರ್ಕಂಡು ಒಬ್ನೇ ಕುಂತವ್ನೆ."

ಅಪ್ಪ ಹಗ್ಗ ಹೊಸೆಯುತ್ತಿದ್ದ. ಕೈ ನಿಂತಿತು.

"ಮದ್ವೆ ಮನೆಯಿಂದ ವಾಲಗದೋನು ಅಸ್ಕಂಡು ಓದ ಅಂತ ನಮ್ಮೋಳು ವರ್ಸೆಲ್ಲಾ ಕೊರುಗ್ತಾವ್ಳೆ. ಏನ್ ತಪ್ಪಾಯ್ತು ಅಂತ ಅವ್ನ ಜೊತೆ ಡೋಲು ಬಡಿಯೋನ ಕೇಳುದ್ರೆ, ಅವತ್ತು ಅವರ ದೇವ್ರು ಸತ್ತ ದಿನ ಗೌಡ್ರೇ ಅಂದ. ಅಲ್ಲಾ, ಮೊದ್ಲೇ ಒಂದ್ಮಾತು ಏಳಿದ್ರೆ ನಾನೇ ಜೋಯಿಸರ ಕಾಲಿಡಿದು ದಿನ ಬದ್ಲಾಯಿಸ್ತಿರ್ನಿಲ್ವಾ? ಸಾವಿನ ಮನೆಯೋನ ಕರ್ಕಂಬಂದು ವಾಲಗ ಊದುಸ್ದಂಗಾಯ್ತು. ಈಗ ಸಣ್ಣ ಮಗಳ ಮದ್ವೆ ಗೊತ್ತಾಗ್ಯದೆ. ಈ ಸಲ ನಿಮ್ಮ ಆ ಶುಕ್ರವಾರ ಯುಗಾದಿಗೆ ಮುಂಚ್ಲೋ, ಆಮ್ಯಾಕೋ? ಅದೊಂದು ಏಳ್ಬುಡಿ, ಅದ ಬುಟ್ಟು ದಿನ ಕಟ್ಟುಸ್ತೀನಿ."

ಅಪ್ಪ ಹಗ್ಗ ಕೆಳಗಿಟ್ಟ. ಯುಗಾದಿ ಕಳೆದ ಮೇಲೆ ಕಣಪ್ಪ, ಈ ಸಲ ಆಮೇಲೆ ಎಂದಳು ಅಜ್ಜಿ. ಗೌಡರು ಸಮಾಧಾನದಿಂದ ಮೀಸೆ ಒರೆಸಿಕೊಂಡು, ಕಾಯಿ ಇನ್ನಾಸಪ್ಪನಿಗೆ, ಅವನು ಉಣ್ಣದ ಎಲೆಯ ಬಾಬ್ತು ಎಂದು ಹೇಳಿ ಗಾಡಿ ಹತ್ತಿದರು. ಅಜ್ಜಿ ಆ ಚೀಲವನ್ನು ಅಟ್ಟಕ್ಕೆ ಹಾಕಿಸಿದಳು. ಒಂದು ಕಾಯನ್ನೂ ಸಾರಿಗೆ ಒಡೆಯಲು ಬಿಡಲಿಲ್ಲ.

ಆ ಸಂಜೆ ಅಣ್ಣನ ಹತ್ತು ಮುಗಿದು ಮೌನ ಶುರುವಾಯಿತು. ಒಂದೆರಡು ಮಣಿ ಉರುಳಿರಬಹುದು, ಅಪ್ಪ ಪಟದ ಕಡೆಗೇ ಮುಖ ಮಾಡಿಕೊಂಡು ಹೇಳಿದ.

"ಅವನು ಬರೋಗಂಟ ಅವನ ಹತ್ತು ಲೂರ್ದಿ ಹೇಳ್ಲಿ ಅವ್ವ."

ಬರೋಗಂಟ ಎಂಬ ಒಂದು ಮಾತು. ಬರುತ್ತಾನೆ ಎಂದು ಆ ಮನೆಯಲ್ಲಿ ಅಪ್ಪ ಒಪ್ಪಿಕೊಂಡದ್ದು ಅದೇ ಮೊದಲು. ಅಜ್ಜಿ ಈ ಸಲ ಕೈ ಎತ್ತಲಿಲ್ಲ. ನನ್ನನ್ನು ಬೆನ್ನ ಹಿಂದಿನಿಂದ ಎಳೆದು ಮುಂದೆ ಕೂರಿಸಿಕೊಂಡಳು. ನನ್ನ ಕಿವಿ ಬಿಸಿಯಾಗಿ, ದೀಪ ಎರಡೆರಡಾಗಿ ಕಂಡಿತು. ನಮೋ ಮರಿಯ ಎಂದೆ. ಅದು ನನಗೇ ಕೇಳಲಿಲ್ಲ.

"ಜೋರಾಗಿ ಏಳು ಮಗ," ಎಂದಳು ಅಜ್ಜಿ. "ಒಳೆನರಸೀಪುರಕ್ಕೆ ಕೇಳಬ್ಯಾಡ್ವಾ?"

ಅಣ್ಣ ಕಿಸಕ್ಕೆಂದ. ಅವ್ವನೂ ಸೆರಗು ಬಾಯಿಗಿಟ್ಟುಕೊಂಡಳು. ಆ ನಗುವಿನ ನಡುವೆ ನನ್ನ ದನಿ ಹೇಗೋ ಹೊರಗೆ ಬಂತು. ಹತ್ತೂ ಹೇಳಿ ಮುಗಿಸಿದೆ.

ಆದರೂ ಅಪ್ಪ ಹೋಗಲಿಲ್ಲ. ಕಣದ ಕೆಲಸ ಎಂದ, ಎತ್ತಿಗೆ ಲಾಳ ಎಂದ. ಹೋಗಬೇಕೆಂದು ಅವನಿಗೆ ಗೊತ್ತಿತ್ತು, ಹೋಗಿ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಹೀಗೇ ತಪಸ್ಸಿನ ಕಾಲ ಬಂತು. ವಿಭೂತಿ ಬುಧವಾರದ ಹಿಂದಿನ ದಿನ, ಕಳೆದ ವರ್ಷದ ಗರಿಗಳನ್ನೆಲ್ಲ ಮನೆಮನೆಯಿಂದ ಗುಡಿಗೆ ಒಪ್ಪಿಸಬೇಕು. ಅವನ್ನು ಸುಟ್ಟ ಬೂದಿಯೇ ಮರುದಿನ ಹಣೆಗೆ ಬರುವುದು. ಅಜ್ಜಿ ಪಟದ ಹಿಂದಿನಿಂದ ಒಣಗಿದ ಗರಿಗಳನ್ನು ತೆಗೆದು ಕಟ್ಟುತ್ತಿದ್ದಳು. ಕೊನೆಗೆ ಚಿಕ್ಕಪ್ಪ ಹೆಣೆದ ಶಿಲುಬೆ ಕೈಗೆ ಬಂತು. ಆ ವರ್ಷ ಎಷ್ಟು ಸಿಡಿಲು ಬಂದರೂ ಅದರ ತುದಿಯನ್ನು ಅವಳು ಮುರಿದಿರಲಿಲ್ಲ. ಅದನ್ನು ಸೆರಗಿನಿಂದ ಒರೆಸಿ ಕಟ್ಟಿನ ಮೇಲಿಟ್ಟು ಅಪ್ಪನ ಕೈಗೆ ಕೊಟ್ಟಳು.

"ಇದು ಅವನು ಹೆಣೆದದ್ದು ಕಣ್ಲಾ ರಾಯಪ್ಪ. ನಾಳೆ ನಿನ್ನ ಹಣೆಗೆ ಬತ್ತದೆ."

ಮರುದಿನ ಗುಡಿಯಲ್ಲಿ ಸ್ವಾಮಿಗಳು ಶುಭಸಂದೇಶವನ್ನು ಕನ್ನಡದಲ್ಲಿ ಓದಿದರು. ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ಜನರಿಗೆ ತೋರಿಸಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ ಎಂಬ ಮಾತು ಅದರಲ್ಲಿದೆ. ಪ್ರತಿ ವರ್ಷ ಓದುವ ಮಾತೇ. ಆ ವರ್ಷ ಅಪ್ಪ ಅದನ್ನು ಕೇಳಿಸಿಕೊಂಡ ರೀತಿಯೇ ಬೇರೆ ಇತ್ತು. ಬೂದಿ ಹಚ್ಚಿಸಿಕೊಂಡು ತಿರುಗಿದಾಗ ಅವನ ಕಣ್ಣು ನೆಲದ ಮೇಲಿತ್ತು. ಮನೆಗೆ ಬಂದು ಅವನು ಹಣೆ ತೊಳೆಯಲಿಲ್ಲ. ಗುರುವಾರ ಬೆಳಿಗ್ಗೆ ಆ ಬೂದಿಯ ಮಸಿ ಹಾಗೇ ಇಟ್ಟುಕೊಂಡು, ರಸ್ತೆಯವರೆಗೆ ನಡೆದು, ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋದ.

ಸಂಜೆ ಗಂಟೆ ಹೊಡೆಯಿತು, ಅಪ್ಪ ಬಂದಿರಲಿಲ್ಲ. ಅಜ್ಜಿ ತನ್ನ ಹತ್ತನ್ನು ಎಂದೂ ಇಲ್ಲದ ಹಾಗೆ ಎಳೆದೆಳೆದು ಹೇಳಿದಳು. ಅಪ್ಪನ ಹತ್ತನ್ನು ಸುಮ್ಮನೆ ಎಣಿಸಿದಳು. ಅವ್ವ ಮುಗಿಸಿದಳು. ಅಣ್ಣ ಹೇಳುತ್ತಿರುವಾಗ ಹೊರಗೆ ಕಲ್ಲಿನ ಮೇಲೆ ನೀರು ಸುರಿದ ಸದ್ದಾಯಿತು. ಯಾರೋ ಕಾಲು ತೊಳೆಯುತ್ತಿದ್ದರು. ಚೆಂಬು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದದ್ದೂ ಕೇಳಿಸಿತು. ಅಜ್ಜಿ ತಲೆ ತಿರುಗಿಸಲಿಲ್ಲ, ಅವಳ ಬೆರಳು ಮಾತ್ರ ಮಣಿಯ ಮೇಲೆ ನಿಂತಿತ್ತು. ಚಿಲಕ ಹಾಕದ ಬಾಗಿಲು ಕಿರುಗುಟ್ಟಿತು. ಅಪ್ಪ ಬಂದು ತನ್ನ ಜಾಗದಲ್ಲಿ ಮಂಡಿಯೂರಿದ. ಅವನ ಹಿಂದೆ ಚಿಕ್ಕಪ್ಪ ಬಂದು ಹೊಸ್ತಿಲ ಪಕ್ಕದ ಕಂಬಕ್ಕೆ ಒರಗಿದ. ಮೊದಲಿಗಿಂತ ತೆಳ್ಳಗಾಗಿದ್ದ.

ನಾಲ್ಕನೆಯದು ಮುಗಿಯಿತು. ಎಲ್ಲರೂ ಅವನಿಗಾಗಿ ಕಾದೆವು. ಅವನು ಬಾಯಿ ತೆರೆಯಲು ನೋಡಿದ, ಆಗಲಿಲ್ಲ. ಬೀದಿ ಬೀದಿಗೆ ಕೇಳುವ ಹಾಗೆ ಊದುವವನಿಗೆ ದನಿ ಹೊರಡದೇ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೊನೆಗೆ ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದ.

"ಲೂರ್ದಿನೇ ಏಳ್ಲಿ. ಇಷ್ಟು ದಿನ ಅವಳೇ ಕಾದವ್ಳಲ್ಲ."

"ಅವಳಿಗೈದು, ನಿಂಗೈದು," ಎಂದಳು ಅಜ್ಜಿ. "ಸುರು ಮಾಡಿ, ಮುದ್ದೆ ಆರೋಯ್ತದೆ."

ನಾನು ಶುರು ಮಾಡಿದೆ. ಗುರುವಾರವಾದ್ದರಿಂದ ಅದು ಕಳೆದುಹೋದ ಮಗ ಸಿಕ್ಕಿದ ರಹಸ್ಯ. ಐದು ಮಣಿ ನಾನು ಹೇಳಿದೆ, ಆರನೆಯದರಿಂದ ಅವನು ಹೇಳಿದ. ಉತ್ತರ ಹೇಳುವಾಗ ಎಲ್ಲರ ದನಿಗಿಂತ ಅಪ್ಪನ ದನಿಯೇ ಮೇಲೆ ಕೇಳುತ್ತಿತ್ತು.

ಹೊಳೆನರಸೀಪುರದಲ್ಲಿ ಅಣ್ಣ ತಮ್ಮ ಏನು ಮಾತಾಡಿದರೋ ನಮಗೆ ಯಾರೂ ಹೇಳಲಿಲ್ಲ. ಉಪವಾಸವಿದ್ದೆ ಎಂದು ಒಂದು ಮಾತು ಅವತ್ತೇ ಹೇಳಿದ್ದರೆ ಆಗುತ್ತಿರಲಿಲ್ಲವೇ ಎಂದು ದೊಡ್ಡವಳಾದ ಮೇಲೆ ನಾನೇ ಒಮ್ಮೆ ಚಿಕ್ಕಪ್ಪನನ್ನು ಕೇಳಿದೆ. ಡಂಗುರ ಹೊಡೆದರೆ ಅದು ಉಪವಾಸವೇನೇ ಎಂದು ನಕ್ಕ. ಅವನಿಗೂ ಹಟವಿತ್ತು, ಅಪ್ಪನದಕ್ಕೇನೂ ಕಡಿಮೆಯದಲ್ಲ. ಆದರೆ ಅಂಥ ಹಟದವರ ಕೈಯಲ್ಲಿ ಬೆಳೆದದ್ದಕ್ಕೆ ನನಗೆ ಇವತ್ತಿಗೂ ಹೆಮ್ಮೆ. ದೇವರಿಗೆ ಕೊಟ್ಟ ಮಾತೂ ಮನುಷ್ಯರಿಗೆ ಕೊಟ್ಟ ಮಾತೂ ಒಂದೇ ದಿನ ಎದುರಾದಾಗ ಚಿಕ್ಕಪ್ಪ ಎರಡನ್ನೂ ಹೊತ್ತ. ಅಪ್ಪ ತನ್ನ ಬಾಯಿಂದ ಬಿದ್ದ ಮಾತನ್ನು ಎತ್ತಿಕೊಳ್ಳಲು ಹಣೆಯಲ್ಲಿ ಬೂದಿ ಇಟ್ಟುಕೊಂಡು ಬಸ್ಸು ಹತ್ತಿದ.

ಆ ಪಾಸ್ಕದ ಬೆಳಿಗ್ಗೆ ಗಂಟೆಯ ಜೊತೆ ಕ್ಲಾರಿನೆಟ್ ಎದ್ದಿತು, ಬಾವಿಕಟ್ಟೆ ತುಂಬಿತು. ಅಜ್ಜಿ ಅಟ್ಟದಿಂದ ಗೌಡರ ಕಾಯಿ ಇಳಿಸಿ, ಹಾಲು ಹಿಂಡಿ, ಬೆಲ್ಲ ಹಾಕಿ ಪಾಯಸ ಮಾಡಿದಳು. ಬಡಿಸಲು ಎದ್ದ ಅವ್ವನ ಕೈಯಿಂದ ಅಪ್ಪ ಪಾತ್ರೆ ತೆಗೆದುಕೊಂಡು ತಮ್ಮನ ಮುಂದೆ ಬಗ್ಗಿ ಲೋಟಕ್ಕೆ ತಾನೇ ಬಗ್ಗಿಸಿದ.

"ಕುಡಿ."

"ಕುಡೀತೀನಿ ಅಣ್ಣಯ್ಯ."

ಅಷ್ಟೇ ಮಾತು. ಪಾಸ್ಕ ಕಳೆದ ವಾರ ಗೌಡರ ಸಣ್ಣ ಮಗಳ ಮದುವೆ. ಚಿಕ್ಕಪ್ಪ ಊದಿ, ಎರಡು ಎಲೆಯ ಊಟ ಮಾಡಿ ಬಂದ. ಗೌಡರ ಹೆಂಡತಿ ಎದುರಲ್ಲೇ ನಿಂತು ಬಡಿಸಿದಳಂತೆ. ಆಮೇಲೆ ಎಷ್ಟೋ ವರ್ಷ, ಸಂಕ್ರಾಂತಿ ಕಳೆಯುತ್ತಿದ್ದಂತೆ ಆ ಕಡೆಯ ಊರುಗಳಿಂದ ಯಾರಾದರೊಬ್ಬರು ನಮ್ಮ ಜಗಲಿಗೆ ಬಂದು, ಅಜ್ಜಮ್ಮ, ಈ ಸಲ ಮುಂಚ್ಲೋ ಆಮ್ಯಾಕೋ ಎಂದು ಕೇಳಿಕೊಂಡು ಹೋಗಿ ಮದುವೆಗೆ ದಿನ ಕಟ್ಟಿಸುತ್ತಿದ್ದರು. ಅಜ್ಜಿ ಅದಕ್ಕೆ ಅಡಿಕೆ ಎಲೆ ತೆಗೆದುಕೊಳ್ಳುತ್ತಿದ್ದಳು, ಜೋಯಿಸರ ಗತ್ತಿನಲ್ಲಿ.

ಅವರೆಲ್ಲ ಹೋಗಿ ಬಹಳ ಕಾಲವಾಯಿತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಿಮ್ಮ ತಾತನೂ ನಿಮ್ಮ ಹಾಗೆಯೇ, ಯಾಕೆ ನಿಲ್ಲಿಸುತ್ತೀಯ ಎಂದು ಕೇಳಿದ್ದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಾಲ್ಕು ಹತ್ತು ಮುಗಿದ ಮೇಲೆ ಸ್ವಲ್ಪ ತಡೆಯಿರಿ, ಬಾಗಿಲ ಚಿಲಕ ಹಾಕಬೇಡಿ. ಹೊರಗೆ ಯಾರಾದರೂ ಕಾಲು ತೊಳೆಯುತ್ತಿರಬಹುದು.